ಯಾವ ಕ್ಯಾಮೆರಾ? ಮೊದಲು ನಿಮ್ಮ ಚಿತ್ರಗಳನ್ನೇ ಕೇಳಿ

ಕಲಬುರಗಿಯ ಕೋಟೆಯಿಂದ ಕಮಲಾಪುರದ ಕೆಂಬಾಳೆ ತೋಟದವರೆಗೆ: ಕೊಳ್ಳುವ ಮುನ್ನ ಮಾಡಬಹುದಾದ ಒಂದು ಪರೀಕ್ಷೆ

ಪರೀಕ್ಷೆ ಮುಗಿಯಿತು, ಫಲಿತಾಂಶವೂ ಬಂತು. ಇನ್ನು ಮನೆಯಲ್ಲಿ ಬೇಡಿಕೆಗಳ ಕಾಲ. ಹಿಂದೆ ಕೈಗಡಿಯಾರ, ಸೈಕಲ್ಲು, ಆಮೇಲೆ ಬೈಕು ಎಂದು ಸಾಗಿದ್ದ ಪಟ್ಟಿಗೆ ಈಚಿನ ವರ್ಷಗಳಲ್ಲಿ ಕ್ಯಾಮೆರಾವೂ ಸೇರಿಕೊಂಡಿದೆ.

"ಮೊಬೈಲ್‌ನಾಗ ಅಷ್ಟು ಚಂದ ಫೋಟೊ ಬರ್ತಾವ. ಮತ್ತೊಂದು ಕ್ಯಾಮೆರಾ ಯಾಕ ಬೇಕೋ ತಮ್ಮಾ?" ಎಂದು ತಂದೆ ಕೇಳುತ್ತಾರೆ.

"ಹಂಗಲ್ಲಪ್ಪಾ, ಫುಲ್‌ಫ್ರೇಮ್ ಇಲ್ಲಂದ್ರ ಯಾರೂ ಕೆಲಸಾ ಕೊಡಂಗಿಲ್ಲ" ಎಂದು ಮಗ ಪಟ್ಟು ಹಿಡಿಯುತ್ತಾನೆ.

ಚರ್ಚೆ ಬಹುತೇಕ ಮನೆಗಳಲ್ಲಿ ಇಲ್ಲಿಗೇ ನಿಂತುಬಿಡುತ್ತದೆ. ತಂದೆಯ ಮಾತಿನಲ್ಲಿ ಹುರುಳಿದೆ. ಮಗನ ಮಾತಿನಲ್ಲೂ ಅಷ್ಟಿಷ್ಟು ಸತ್ಯವಿದೆ. ಆದರೆ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಈ ಕ್ಯಾಮೆರಾದಿಂದ ತೆಗೆಯಬೇಕಾಗಿರುವುದು ಯಾವುದರ ಚಿತ್ರ? ಇದಕ್ಕೆ ಉತ್ತರ ತಿಳಿಯದೆ ಅಂಗಡಿಗೆ ಹೋಗುವುದು, ಕಾಲಿನ ಅಳತೆ ಗೊತ್ತಿಲ್ಲದೆ ಚಪ್ಪಲಿ ತರಲು ಹೋದಂತೆ.

ತಪ್ಪು ಆಯ್ಕೆಯ ಬೆಲೆಯೂ ಸಣ್ಣದಲ್ಲ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ನಿಗದಿ ಮಾಡಿದ್ದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. 75,000 ರೂಪಾಯಿಯ ಕ್ಯಾಮೆರಾ ಎಂದರೆ ನಮ್ಮ ಜಿಲ್ಲೆಯ ರೈತನ ಲೆಕ್ಕದಲ್ಲಿ ಹತ್ತು ಕ್ವಿಂಟಲ್ ತೊಗರಿ. ಅಷ್ಟು ಸುರಿದು ತಂದದ್ದು ಆರು ತಿಂಗಳಲ್ಲಿ ಅಲಮಾರು ಸೇರಿದರೆ ನೋವು ಇಬ್ಬರಿಗೂ ತಪ್ಪಿದ್ದಲ್ಲ.

ಬಾಡಿ ಎಂಬುದು ಅರ್ಧ ಕ್ಯಾಮೆರಾ

ಲೆನ್ಸು ಬದಲಿಸಬಹುದಾದ ಕ್ಯಾಮೆರಾದಲ್ಲಿ ಎರಡು ಭಾಗ. ಬೆಳಕನ್ನು ಒಳತರುವುದು ಲೆನ್ಸು. ಅದನ್ನು ಹಿಡಿದು ಚಿತ್ರವಾಗಿಸುವುದು ಬಾಡಿ. ಬಾಡಿಯೊಳಗಿನ ಸೆನ್ಸರ್ ಹಳೆಯ ಫಿಲಂ ಸುರುಳಿಯ ಜಾಗದಲ್ಲಿ ಕೂತಿದೆ. 36×24 ಮಿಲಿಮೀಟರ್ ಅಳತೆಯ, ಅಂದರೆ ಹಿಂದಿನ 35 ಎಂ.ಎಂ. ಫಿಲಂ ಚೌಕಟ್ಟಿನಷ್ಟೇ ದೊಡ್ಡದಾದ ಸೆನ್ಸರ್ ಇದ್ದರೆ ಅದು ಫುಲ್‌ಫ್ರೇಮ್. ಸುಮಾರು 23.5×15.6 ಮಿಲಿಮೀಟರ್ ಇದ್ದರೆ ಎಪಿಎಸ್-ಸಿ; ಕ್ಯಾನನ್ ಕಂಪನಿಯದು ಇದಕ್ಕಿಂತ ತುಸು ಚಿಕ್ಕದು. ವಿಸ್ತೀರ್ಣದಲ್ಲಿ ಮೊದಲನೆಯದು ಎರಡನೆಯದರ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು.

ಇನ್ನೊಂದು ಭೇದ ಕನ್ನಡಿಯದು. ಡಿಎಸ್‌ಎಲ್‌ಆರ್‌ನಲ್ಲಿ ಒಳಗಿನ ಕನ್ನಡಿ ದೃಶ್ಯವನ್ನು ನೇರವಾಗಿ ಕಣ್ಣಿಗೆ ತಲುಪಿಸುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯಿಲ್ಲ, ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಯ ಮೇಲೆ ನೀವೂ ಕಾಣುತ್ತೀರಿ. ಕಂಪನಿಗಳ ಹೊಸ ಸಂಶೋಧನೆಯೆಲ್ಲ ಈಗ ಮಿರರ್‌ಲೆಸ್ ಕಡೆಗೇ ವಾಲಿದೆ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟ್ ಆರು ದಶಕ ಬಾಳಿತು. 2018ರಲ್ಲಿ ಅದೇ ಕಂಪನಿ ಝಡ್ ಮೌಂಟ್ ತಂದಿತು, ಅದೇ ವರ್ಷ ಕ್ಯಾನನ್ ಆರ್‌ಎಫ್ ಮೌಂಟ್ ತಂದಿತು. ಮೌಂಟ್ ಎಂದರೆ ಲೆನ್ಸು ಮತ್ತು ಬಾಡಿ ಕೂಡುವ ಬಾಯಿ. ಬಾಡಿ ಐದಾರು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸು ಹದಿನೈದು ವರ್ಷ ಜೊತೆಗಿರುತ್ತದೆ. ಆದ್ದರಿಂದ ಬಾಡಿ ಕೊಳ್ಳುವುದೆಂದರೆ ಒಂದು ಮನೆತನದ ಜೊತೆ ನೆಂಟಸ್ತನ ಬೆಳೆಸಿದಂತೆಯೇ.

ಇನ್ನೂರು ಚಿತ್ರಗಳ ಲೆಕ್ಕ

ಹಾಗಾದರೆ ನಿಮ್ಮ ಒಲವು ಯಾವುದೆಂದು ತಿಳಿಯುವುದು ಹೇಗೆ? ಉಪಾಯ ಸುಲಭ, ಖರ್ಚೂ ಇಲ್ಲ. ಮೊಬೈಲಿನಲ್ಲೋ, ಗೆಳೆಯರ ಕ್ಯಾಮೆರಾದಲ್ಲೋ ನೀವು ಮನಸ್ಸಿಟ್ಟು ತೆಗೆದ ಕಡೆಯ ಇನ್ನೂರು ಚಿತ್ರಗಳನ್ನು ಮುಂದಿಟ್ಟುಕೊಳ್ಳಿ. ಸೆಲ್ಫಿ, ನೋಟ್ಸಿನ ಪುಟ ಇವೆಲ್ಲ ಬೇಡ. ಉಳಿದದ್ದನ್ನು ಐದು ಗುಂಪು ಮಾಡಿ: ಕಟ್ಟಡ ಮತ್ತು ಬಯಲು, ಜನ ಮತ್ತು ಬೀದಿ, ಓಟ, ಆಟ, ಜಾತ್ರೆಯಂಥ ಚಲನೆ, ಹೂವು, ಹುಳು, ಹಣ್ಣಿನಂಥ ಸಮೀಪದೃಶ್ಯ, ಹಕ್ಕಿ, ಪ್ರಾಣಿಯಂಥ ದೂರದೃಶ್ಯ. ವಿಡಿಯೊ ಇದ್ದರೆ ಆರನೆಯ ಗುಂಪು.

ಯಾವ ಗುಂಪು ದೊಡ್ಡದು? ಅದಕ್ಕಿಂತ ಮುಖ್ಯವಾಗಿ, ಯಾವ ಗುಂಪಿನಲ್ಲಿ ಚಿತ್ರ ಕೆಟ್ಟಿತೆಂದು ನಿಮಗೆ ಹೆಚ್ಚು ಬೇಸರವಾಗಿದೆ? ಕೆಟ್ಟದ್ದೇಕೆ? ಕತ್ತಲಿತ್ತೇ, ಕೈ ನಡುಗಿತೇ, ವಸ್ತು ದೂರವಿತ್ತೇ, ಗುಂಡಿ ಒತ್ತುವಷ್ಟರಲ್ಲಿ ಕ್ಷಣ ಜಾರಿತೇ? ಆ ಬೇಸರದಲ್ಲೇ ನಿಮಗೆ ಬೇಕಾದ ಬಾಡಿಯ ವಿವರ ಅಡಗಿದೆ. ಬೇಸರವೇ ಇಲ್ಲವೆಂದಾದರೆ ಇನ್ನೊಂದು ವರ್ಷ ಮೊಬೈಲೇ ಸಾಕು. ತಂದೆಯ ಮಾತಿಗೆ ತಲೆದೂಗಬೇಕಾದ ಸಂದರ್ಭವದು.

ಇನ್ನೂರು ಚಿತ್ರಗಳೇ ಇಲ್ಲದವರು ಬಾಡಿಗೆಗೋ ಕೈಗಡವೋ ಒಂದು ಕ್ಯಾಮೆರಾ ಪಡೆದು ಮೂರು ದಿನ ಸುತ್ತಾಡಲಿ. ಅದಕ್ಕೆ ನಮ್ಮ ಕಲಬುರಗಿಗಿಂತ ಒಳ್ಳೆಯ ಪಾಠಶಾಲೆ ಅಪರೂಪ.

ಕೋಟೆಯೊಳಗಿನ ಮಬ್ಬು ಬೆಳಕು

ಮೊದಲ ದಿನ ಬಹಮನಿ ಕೋಟೆಗೆ ಹೋಗಿ. ಅಲ್ಲಿನ ಜಾಮಿ ಮಸೀದಿ 1367ರಲ್ಲಿ ಕಟ್ಟಿದ್ದು. ನಮ್ಮ ದೇಶದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾದ ತೆರೆದ ಅಂಗಳ ಇದಕ್ಕಿಲ್ಲ. ಇಡೀ ಪ್ರದೇಶಕ್ಕೆ ಗುಮ್ಮಟಗಳ ಚಾವಣಿ. ಬದಿಯ ಕಮಾನುಗಳಿಂದ ಬಂದ ಬೆಳಕು ಕಂಬದಿಂದ ಕಂಬಕ್ಕೆ ಕರಗುತ್ತ ಹೋಗುತ್ತದೆ. ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯಬೇಕು, ಆದರೂ ಚಿತ್ರ ಅಲುಗಬಾರದು.

"ಕತ್ತಲೆಂದ ಮೇಲೆ ಫುಲ್‌ಫ್ರೇಮ್ ಬೇಕೇ ಬೇಕು" ಎನ್ನುವವರು ಇಲ್ಲೊಂದು ಲೆಕ್ಕ ನೋಡಬೇಕು. ಎಪಿಎಸ್-ಸಿಯಿಂದ ಫುಲ್‌ಫ್ರೇಮಿಗೆ ಹೋದರೆ ಬೆಳಕು ಹಿಡಿಯುವ ಅಂಗಳ ಎರಡೂಕಾಲು ಪಟ್ಟಿನಷ್ಟು ಹಿಗ್ಗುತ್ತದೆ. ಆದರೆ ಕ್ಯಾಮೆರಾದ ಜೊತೆ ಬರುವ ಲೆನ್ಸನ್ನು ಜೂಮ್ ಮಾಡಿದಾಗ ಅದರ ಬಾಯಿ ಎಫ್/5.6ಕ್ಕೆ ಕುಗ್ಗಿರುತ್ತದೆ, ಅದರ ಬದಲು 50 ಎಂ.ಎಂ. ಎಫ್/1.8ರ ಸಾದಾ ಲೆನ್ಸು ಹಾಕಿದರೆ ಒಳಬರುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ಈ ಲೆನ್ಸು ಹಲವು ಕಂಪನಿಗಳ ಅಗ್ಗದ ಲೆನ್ಸುಗಳ ಸಾಲಿನಲ್ಲಿದೆ. ಬಾಡಿಗೆ ಸುರಿಯಬೇಕೆಂದಿದ್ದ ಹಣ ಎಷ್ಟೋ ಸಲ ಲೆನ್ಸಿಗೆ ಹೋಗಬೇಕಾದದ್ದು.

ಕಟ್ಟಡ ಅಲುಗುವುದಿಲ್ಲ ಎಂಬ ಅನುಕೂಲವೂ ಇದೆ. ಕೈ ನಡುಕ ತಡೆಯುವ ಸ್ಥಿರೀಕರಣ ವ್ಯವಸ್ಥೆ ಬಾಡಿಯಲ್ಲೋ ಲೆನ್ಸಿನಲ್ಲೋ ಇದ್ದರೆ ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ನಿಧಾನದಲ್ಲೂ ಕಂಬಗಳು ಚೂಪಾಗಿ ಮೂಡುತ್ತವೆ. ನಡೆದಾಡುವ ಮನುಷ್ಯನಿಗೆ ಮಾತ್ರ ಈ ವ್ಯವಸ್ಥೆ ಉಪಯೋಗವಿಲ್ಲ. ಅಲುಗಿದ್ದು ಅವನು, ನಿಮ್ಮ ಕೈಯಲ್ಲ. ಕಟ್ಟಡದಲ್ಲೇ ನಿಮ್ಮ ಮನಸ್ಸು ನೆಟ್ಟಿದ್ದರೆ ಸ್ಥಿರೀಕರಣವಿರುವ ಬಾಡಿ, ಅಗಲ ನೋಟದ ಲೆನ್ಸು ಇವೆರಡು ಮುಖ್ಯ. ಸೆಕೆಂಡಿಗೆ ಇಪ್ಪತ್ತು ಚಿತ್ರ ಎಂಬ ಜಾಹೀರಾತಿಗೆ ಹಣ ಕೊಡಬೇಕಾಗಿಲ್ಲ.

ಅಲ್ಲಿಂದ ಹೊರಟು ಬುದ್ಧ ವಿಹಾರಕ್ಕೆ ಬಂದರೆ ಕಷ್ಟ ತಿರುಗುಮುರುಗು. ಬಿಳಿ ಗುಮ್ಮಟ, ಸುಡುವ ಬಿಸಿಲು. ಕ್ಯಾಮೆರಾದ ಬೆಳಕುಮಾಪಕ ಎದುರಿನದೆಲ್ಲ ನಡುಬೂದು ಎಂದೇ ಭಾವಿಸುವುದರಿಂದ ಬಿಳಿ ಮಂಕಾಗುತ್ತದೆ. ತುಸು ಬೆಳಕು ಹೆಚ್ಚಿಸಿಕೊಳ್ಳಬೇಕು. ಮಿರರ್‌ಲೆಸ್‌ನಲ್ಲಿ ಈ ಬದಲಾವಣೆ ಗುಂಡಿ ಒತ್ತುವ ಮೊದಲೇ ಕಣ್ಣಿಗೆ ಕಾಣುತ್ತದೆ. ಕಲಿಯುವ ವಿದ್ಯಾರ್ಥಿಗೆ ಇದು ದೊಡ್ಡ ಸಹಾಯ.

ತೇರಿನ ಬೀದಿ, ಮದುವೆಯ ಮಂಟಪ

ಎರಡನೆಯ ಪಾಠ ಶರಣಬಸವೇಶ್ವರ ಜಾತ್ರೆಯದು. ಇಳಿಹೊತ್ತಿನಲ್ಲಿ ತೇರು ಹೊರಡುತ್ತದೆ. ಜನಸಾಗರ, ಗಾಳಿಯಲ್ಲಿ ತೂರಿಬರುವ ಉತ್ತತ್ತಿ, ಬಾಳೆಹಣ್ಣು, ಹೊತ್ತು ಮುಳುಗುವ ಬೆಳಕು. ಕೋಟೆಯಲ್ಲಿ ನೆರವಾದ ಸ್ಥಿರೀಕರಣ ಇಲ್ಲಿ ಕೈಕೊಡುತ್ತದೆ. ಹಾರುವ ಉತ್ತತ್ತಿಯನ್ನು ನಿಲ್ಲಿಸಲು ಸೆಕೆಂಡಿನ ಐನೂರನೇ ಭಾಗಕ್ಕಿಂತ ವೇಗದ ಶಟರ್ ಬೇಕು. ನೂರು ಮುಖಗಳ ನಡುವೆ ಬೇಕಾದ ಮುಖವನ್ನು ಬಿಡದೆ ಹಿಂಬಾಲಿಸುವ ಆಟೊಫೋಕಸ್ ಬೇಕು. ಆಟೋಟ, ಜಾತ್ರೆ, ಪತ್ರಿಕಾ ಛಾಯಾಗ್ರಹಣದತ್ತ ಒಲವಿರುವವರು ಮೆಗಾಪಿಕ್ಸೆಲ್ ಮರೆತು ಈ ಎರಡನ್ನು ನೋಡಬೇಕು. 24 ಮೆಗಾಪಿಕ್ಸೆಲ್ ಎಂದರೆ 6000×4000 ಚುಕ್ಕೆ. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೂ 20 ಇಂಚು ಅಗಲದ ಚಿತ್ರ ಸಿಗುತ್ತದೆ. ಪತ್ರಿಕೆಯ ಪುಟಕ್ಕೆ ಧಾರಾಳ.

ಮದುವೆ ಛಾಯಾಗ್ರಹಣವನ್ನೇ ಕಸುಬು ಮಾಡಿಕೊಳ್ಳುವವರ ಲೆಕ್ಕ ಬೇರೆ. ಮಗನ "ಫುಲ್‌ಫ್ರೇಮ್" ವಾದಕ್ಕೆ ನಿಜವಾದ ಬಲ ಬರುವುದು ಇಲ್ಲಿ. ರಾತ್ರಿಯ ಆರತಕ್ಷತೆ, ಬಣ್ಣ ಬಣ್ಣದ ಎಲ್‌ಇಡಿ ದೀಪ, ಇಕ್ಕಟ್ಟಾದ ಮಂಟಪ. ದೊಡ್ಡ ಸೆನ್ಸರಿನ ಲಾಭ ಇಲ್ಲಿ ನಿಚ್ಚಳ. ಆದರೆ ಅದಕ್ಕಿಂತ ಮೊದಲು ನೋಡಬೇಕಾದ ಸಂಗತಿಯೊಂದಿದೆ: ಕಾರ್ಡು ಹಾಕುವ ಜಾಗ ಎಷ್ಟು? ಮಾಂಗಲ್ಯಧಾರಣೆ ಎರಡನೇ ಸಲ ನಡೆಯುವುದಿಲ್ಲ. ಒಂದೇ ಕಾರ್ಡಿದ್ದು ಅದು ಕೆಟ್ಟರೆ ಕಾಲಿಗೆ ಬಿದ್ದರೂ ಕ್ಷಮೆ ಸಿಗದು. ಕ್ಯಾನನ್ ಆರ್50 (2023), ಆರ್10 (2022) ಇಂಥ ಹಗುರ ಬಾಡಿಗಳಲ್ಲಿ ಕಾರ್ಡಿಗೆ ಒಂದೇ ಜಾಗ. ಆರ್7 (2022), ಸೋನಿ ಎ7 IV (2021) ಇವುಗಳಲ್ಲಿ ಎರಡು. ಇನ್ನೊಂದು ಎಚ್ಚರ: ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಅನೇಕ ಬಾಡಿಗಳಲ್ಲಿ ಎಲ್‌ಇಡಿ ಬೆಳಕು ಚಿತ್ರದ ಮೇಲೆ ಪಟ್ಟಿಪಟ್ಟಿಯಾಗಿ ಮೂಡುತ್ತದೆ. ಕೊಳ್ಳುವ ಮುನ್ನ ಅಂಗಡಿಯ ಎಲ್‌ಇಡಿ ದೀಪದ ಕೆಳಗೇ ಪರೀಕ್ಷಿಸಬಹುದು.

ಕಮಲಾಪುರದ ಕೆಂಪು

ಮೂರನೆಯ ದಿನ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಬನ್ನಿ. 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ಲೋಕಾರ್ಪಣೆಯಾದ ಮೇಲೆ ರೈಲಿನಲ್ಲೂ ಬರಬಹುದು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಲ್ಲಿನ ಕೆಂಪು ಬಾಳೆ ನೋಡುವವರಿಗೆ ಬೆರಗು, ಕ್ಯಾಮೆರಾಗಳಿಗೆ ಸತ್ವಪರೀಕ್ಷೆ.

ಏಕೆಂದರೆ ಗಾಢ ಕೆಂಪನ್ನು ಹಿಡಿಯುವುದು ಡಿಜಿಟಲ್ ಸೆನ್ಸರಿಗೆ ಕಷ್ಟದ ಕೆಲಸ. ಚಿತ್ರದ ಒಟ್ಟು ಬೆಳಕು ಸರಿಯಿದ್ದರೂ ಕೆಂಪು ಪಾಲು ಮಾತ್ರ ತುಂಬಿ ತುಳುಕಿ, ಸಿಪ್ಪೆಯ ಮೇಲಿನ ಗೆರೆ, ಕಲೆ ಎಲ್ಲ ಅಳಿಸಿ, ಹಣ್ಣು ಬಣ್ಣ ಬಳಿದ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಮೇಲೆ ಎಲೆಗಳ ಹಸಿರು ನೆರಳು ಬಿದ್ದು ಕೆಂಪು ಕಂದಾಗುವುದೂ ಉಂಟು. ಆದ್ದರಿಂದ ಇಂಥ ಸಮೀಪದೃಶ್ಯ ಮೆಚ್ಚುವವರು ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ಬಾಡಿಯಲ್ಲಿದೆಯೇ, ಸೆನ್ಸರ್ ಕಂಡದ್ದನ್ನು ಕತ್ತರಿಸದೆ ಉಳಿಸುವ 'ರಾ' ಕಡತ ಸಿಗುತ್ತದೆಯೇ, ನೆಲದ ಮಟ್ಟದಲ್ಲಿ ಇಟ್ಟು ನೋಡಲು ತಿರುಗುವ ಪರದೆ ಇದೆಯೇ ಎಂದು ನೋಡಬೇಕು. ವೇಗ, ದೊಡ್ಡ ಸೆನ್ಸರ್ ಯಾವುದೂ ಇಲ್ಲಿ ಅನಿವಾರ್ಯವಲ್ಲ. ಸಾಧಾರಣ ಬಾಡಿಗೆ ಒಂದು ಮ್ಯಾಕ್ರೊ ಲೆನ್ಸು ಸೇರಿದರೆ ಸಾಕು.

ಇದೇ ಸೀಮೆಯಿಂದ ಚಿಂಚೋಳಿಯ ಕಾಡಿನತ್ತ ಸರಿದು ಹಕ್ಕಿಗಳ ಬೆನ್ನು ಹತ್ತುವವರಿಗೆ ಸಣ್ಣ ಸೆನ್ಸರೇ ವರ. 400 ಎಂ.ಎಂ. ಲೆನ್ಸು ಎಪಿಎಸ್-ಸಿ ಬಾಡಿಯಲ್ಲಿ, ಫುಲ್‌ಫ್ರೇಮಿನ ಮೇಲಿನ 600 ಎಂ.ಎಂ. ಲೆನ್ಸಿನಷ್ಟೇ ಇಕ್ಕಟ್ಟಾದ ನೋಟ ಕೊಡುತ್ತದೆ. ಅದೇ ಲೆನ್ಸನ್ನು 24 ಮೆಗಾಪಿಕ್ಸೆಲಿನ ಫುಲ್‌ಫ್ರೇಮ್ ಬಾಡಿಗೆ ಹಾಕಿ, ಅಷ್ಟೇ ಭಾಗವನ್ನು ಕತ್ತರಿಸಿ ತೆಗೆದರೆ ಉಳಿಯುವುದು ಸುಮಾರು 10 ಮೆಗಾಪಿಕ್ಸೆಲ್. ಹೆಚ್ಚು ಹಣ ಕೊಟ್ಟು ಕಡಿಮೆ ಹಕ್ಕಿ ತಂದಂತೆ!

ಬಿಸಿಲು, ದೂಳು, ಕೈಯಳತೆ

ಜಾಹೀರಾತುಗಳಲ್ಲಿ ಬಾರದ, ಆದರೆ ನಮ್ಮ ಸೀಮೆಯಲ್ಲಿ ಮರೆಯಬಾರದ ಸಂಗತಿ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ನಡುಹಗಲಲ್ಲಿ ಹಿಂಬದಿಯ ಪರದೆ ಕಾಣುವುದೇ ಕಷ್ಟ. ನಿಕಾನ್ ಝಡ್30 (2022), ಸೋನಿ ಝಡ್‌ವಿ-ಇ10 (2021) ಮುಂತಾದ, ವಿಡಿಯೊ ಮಾಡುವವರಿಗೆಂದೇ ರೂಪಿಸಿದ ಬಾಡಿಗಳಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಕೋಣೆಯೊಳಗೆ ವಿಡಿಯೊ ಮಾಡುವವರಿಗೆ ಅದು ಕೊರತೆಯಲ್ಲ. ತೊಗರಿ ಹೊಲದಲ್ಲಿ ನಿಂತವರಿಗೆ ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಬಿಸಿಲಲ್ಲಿ ಬಹಳ ಹೊತ್ತು 4ಕೆ ವಿಡಿಯೊ ತೆಗೆದರೆ ಬಾಡಿ ಕಾದು ತಾನೇ ನಿಂತುಬಿಡುವುದೂ ಉಂಟು.

ಬ್ಯಾಟರಿಯನ್ನೂ ನೋಡಿ. ಕಂಪನಿ ಹೇಳುವ ಲೆಕ್ಕದಲ್ಲಿ ನಿಕಾನ್ ಡಿ850 ಎಂಬ ಡಿಎಸ್‌ಎಲ್‌ಆರ್ (2017) ಒಂದು ಸಲ ಚಾರ್ಜ್ ಮಾಡಿದರೆ 1840 ಚಿತ್ರ ತೆಗೆಯುತ್ತದೆ. ಸೋನಿ ಎ6400 ಮಿರರ್‌ಲೆಸ್ (2019) ವ್ಯೂಫೈಂಡರ್ ಬಳಸಿದಾಗ 360. ಆದರೆ ತೂಕದಲ್ಲಿ ಮೊದಲನೆಯದು ಒಂದು ಕಿಲೋ ಮೇಲೆ ಐದು ಗ್ರಾಂ, ಎರಡನೆಯದು 403 ಗ್ರಾಂ. ದಿನವಿಡೀ ಕೊರಳಲ್ಲಿ ಹೊರುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಭಾರವೆಂದು ಮನೆಯಲ್ಲೇ ಬಿಟ್ಟ ಕ್ಯಾಮೆರಾ ಎಷ್ಟು ಒಳ್ಳೆಯದಾದರೇನು?

ಎರೆಭೂಮಿಯ ದೂಳಿಗೂ ಒಂದು ಮಾತು. ಗಾಳಿಯಲ್ಲಿ ಲೆನ್ಸು ಬದಲಿಸಬೇಡಿ. ಬದಲಿಸಲೇಬೇಕಾದರೆ ಬಾಡಿಯ ಬಾಯಿ ಕೆಳಮುಖವಾಗಿರಲಿ.

ಪಾಲಕರಿಗೆ

ಕಲಬುರಗಿಯಲ್ಲಿ ದೃಶ್ಯಕಲೆ ಕಲಿಸುವ ಕಾಲೇಜುಗಳಿವೆ, ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ಮಕ್ಕಳ ಒಲವನ್ನು ಬರೀ ಷೋಕಿಯೆಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಕೇಳಿದ್ದನ್ನೆಲ್ಲ ಸಾಲ ಮಾಡಿ ಕೊಡಿಸಬೇಕಾಗಿಯೂ ಇಲ್ಲ. ಇನ್ನೂರು ಚಿತ್ರಗಳ ಲೆಕ್ಕವನ್ನು ಮಗನೋ ಮಗಳೋ ನಿಮ್ಮೆದುರು ಒಪ್ಪಿಸಲಿ. ಯಾವುದು ಏಕೆ ಕೆಟ್ಟಿತೆಂದು ಅವರೇ ವಿವರಿಸಲಿ. ಅಷ್ಟು ಬಲ್ಲವರು ಕ್ಯಾಮೆರಾವನ್ನು ಮೂಲೆಗೆಸೆಯುವ ಭಯ ಕಡಿಮೆ.

ಹಣ ಕೊಡುವಾಗ ಇಡೀ ಗಂಟನ್ನು ಬಾಡಿಗೆ ಕಟ್ಟಬೇಡಿ. ಅರ್ಧ ಬಾಡಿಗೆ, ಮೂರನೇ ಒಂದು ಪಾಲು ಲೆನ್ಸಿಗೆ, ಉಳಿದದ್ದು ಕಾರ್ಡು, ಹೆಚ್ಚುವರಿ ಬ್ಯಾಟರಿ, ಚೀಲಕ್ಕೆ ಎಂದು ಹಂಚಿಕೊಳ್ಳುವುದು ಒಳ್ಳೆಯ ಅಂದಾಜು. ಬಳಸಿದ ಬಾಡಿ ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ, ಮಕ್ಕಳ ಬದುಕನ್ನು ಬೀದಿಯಲ್ಲಿ ಹುಡುಕಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007) ಹಕ್ಕಿಗಾಗಿ ಕಾದು ಕೂತರು. ಇಬ್ಬರ ಕಣ್ಣೂ ಬೇರೆ, ಹಿಡಿದ ಹಾದಿಯೂ ಬೇರೆ. ಒಬ್ಬರ ಸಲಕರಣೆ ಇನ್ನೊಬ್ಬರ ಕೈಗಿತ್ತಿದ್ದರೆ ಇಬ್ಬರಿಗೂ ಕಿರಿಕಿರಿಯೇ ಆಗುತ್ತಿತ್ತು. ನೆರೆಮನೆಯ ಹುಡುಗ ಯಾವುದನ್ನು ಕೊಂಡ ಎಂಬುದು ನಿಮ್ಮ ಆಯ್ಕೆಗೆ ಆಧಾರವಾಗದಿರಲು ಇಷ್ಟು ಕಾರಣ ಸಾಕು.

ಅಂಗಡಿಯಲ್ಲಿ ಹತ್ತು ನಿಮಿಷ

● ಬಾಡಿಯನ್ನು ನೀವು ಕೊಳ್ಳಲಿರುವ ಲೆನ್ಸಿನೊಡನೆ ಹತ್ತು ನಿಮಿಷ ಕೈಯಲ್ಲೇ ಹಿಡಿಯಿರಿ. ಕಿರುಬೆರಳು ಜಾರುತ್ತಿದ್ದರೆ ಹಿಡಿ ಚಿಕ್ಕದಾಯಿತು.

● ಕನ್ನಡಕ ಹಾಕುವವರು ಕನ್ನಡಕದ ಸಮೇತ ವ್ಯೂಫೈಂಡರ್ ನೋಡಿ. ನಾಲ್ಕೂ ಮೂಲೆ ಕಾಣಬೇಕು.

● ಕಣ್ಣು ತೆಗೆಯದೆ ಶಟರ್ ವೇಗ, ಬೆಳಕು ಬದಲಿಸಲು ಬರುತ್ತದೆಯೇ ಪರೀಕ್ಷಿಸಿ.

● ನಿಮ್ಮ ಕಾರ್ಡನ್ನೇ ಹಾಕಿ ನಾಲ್ಕು ಚಿತ್ರ ತೆಗೆದು, ಮನೆಯ ಕಂಪ್ಯೂಟರಿನಲ್ಲಿ ನೋಡಿ, ಮರುದಿನ ತೀರ್ಮಾನಿಸಿ.

● ಆ ಮೌಂಟಿಗೆ ನಿಮಗೆ ಬೇಕಾದ ಎರಡನೇ ಲೆನ್ಸು ಸಿಗುತ್ತದೆಯೇ, ಬೆಲೆಯೆಷ್ಟು ಎಂದು ಇಂದೇ ಕೇಳಿ.

● ಜಿಎಸ್‌ಟಿ ಬಿಲ್ಲು, ಭಾರತದ ವಾರಂಟಿ ಕಾರ್ಡು ಪಡೆಯಿರಿ. ಬಿಲ್ಲಿಲ್ಲದ ಅಗ್ಗದ ಮಾಲು ಕಡೆಗೆ ದುಬಾರಿ.

● ಬಳಸಿದ ಡಿಎಸ್‌ಎಲ್‌ಆರ್ ಆದರೆ ಶಟರ್ ಎಷ್ಟು ಸಲ ಬಿದ್ದಿದೆ ಎಂದು ನೋಡಿ. ಆರಂಭಿಕ ಬಾಡಿಗಳ ಶಟರನ್ನು ಸುಮಾರು 1 ಲಕ್ಷ ಸಲಕ್ಕೆ, ಡಿ850ರಂಥವುಗಳನ್ನು 2 ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ.